ಹನ್ನೆರಡೂವರೆ ಎಚ್‌ಪಿಯ ಪುಷ್ಪಕ

ರೈಟ್ ಸಹೋದರರಿಬ್ಬರೂ ಮದುವೆಯಾಗಲಿಲ್ಲ. ವಿಮಾನದ ಚರಿತ್ರೆ ಬರೆದವರು ರೆಕ್ಕೆಯ ಬಾಗು, ಪ್ರೊಪೆಲ್ಲರಿನ ತಿರುಚು, ಕಿಟಿ ಹಾಕ್‌ನ ಮರಳುಗಾಳಿ ಎಂದು ಪುಟಗಟ್ಟಲೆ ತುಂಬಿಸಿ, ಈ ಮುಖ್ಯ ತಾಂತ್ರಿಕ ವಿವರವನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆ. 1903ರ ಡಿಸೆಂಬರ್ 17ರಂದು ಆರ್ವಿಲ್ ಹನ್ನೆರಡು ಸೆಕೆಂಡು ಗಾಳಿಯಲ್ಲಿದ್ದು, 120 ಅಡಿ ದಾಟಿ ಇಳಿದಾಗ ‘ಇಷ್ಟೊತ್ತು ಎಲ್ಲಿದ್ರಿ, ಮಗೂಗೆ ಜ್ವರ’ ಎನ್ನುವವರು ಯಾರೂ ಇರಲಿಲ್ಲ. ಡೇಟನ್ನಿನ ಮನೆಯಲ್ಲಿ ತಂಗಿ ಕ್ಯಾಥರೀನ್ ಇದ್ದಳು. ಹಗಲು ಹೈಸ್ಕೂಲಿನಲ್ಲಿ ಲ್ಯಾಟಿನ್ ಪಾಠ, ಉಳಿದ ಹೊತ್ತು ಅಪ್ಪ, ಅಣ್ಣಂದಿರ ಮನೆವಾರ್ತೆ. 1908ರಲ್ಲಿ ಫೋರ್ಟ್ ಮೈಯರ್‌ನಲ್ಲಿ ವಿಮಾನ ಬಿದ್ದು ಆರ್ವಿಲ್ ಮೂಳೆ ಮುರಿದುಕೊಂಡಾಗ ಪಾಠ ಬಿಟ್ಟು ಓಡಿಹೋಗಿ ಆಸ್ಪತ್ರೆಯಲ್ಲಿ ಕೂತವಳೂ ಅವಳೇ. ಅಂಥ ತಂಗಿ 1926ರಲ್ಲಿ, ಐವತ್ತು ದಾಟಿದ ಮೇಲೆ, ತಾನೂ ಮದುವೆಯಾಗುತ್ತೇನೆ ಎಂದಳು ನೋಡಿ, ಆರ್ವಿಲ್ ಮದುವೆಗೂ ಹೋಗಲಿಲ್ಲ, ಮಾತೂ ಬಿಟ್ಟ. ಭೂಮಿಯ ಸೆಳೆತವನ್ನೇ ಗೆದ್ದ ಮನುಷ್ಯನಿಗೆ ಮನೆ ನಡೆಸುವವಳು ಎದ್ದು ಹೋಗುವುದನ್ನು ತಡೆದುಕೊಳ್ಳಲಾಗಲಿಲ್ಲ.

ನಮ್ಮ ಪಟ್ಟನಾಯಕನಹಳ್ಳಿಯ ಪೈಲಟ್ಟಿಗೆ ಈ ಅನುಕೂಲವೆಲ್ಲ ಇಲ್ಲ. ಅವನಿಗೆ ಮದುವೆಯಾಗಿದೆ. ಎರಡನೇ ಕ್ಲಾಸಿನ ಮಗಳಿದ್ದಾಳೆ, ಇನ್ನೂ ಚಡ್ಡಿಯ ಹಂಗಿಗೆ ಬೀಳದ ಮಗನಿದ್ದಾನೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಹೆಂಡತಿಯ ಹೆಸರಲ್ಲಿ ಸಂಘದ ಸಾಲ. ಮನೆಯ ಮುಂಭಾಗದಲ್ಲೇ ಸಬ್‌ಮರ್ಸಿಬಲ್ ಮೋಟರ್ ರಿವೈಂಡಿಂಗ್ ಅಂಗಡಿ. ಶಿರಾ ಸೀಮೆಯಲ್ಲಿ ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಮೋಟರ್ ಸುಡುವುದು ಹೆಚ್ಚು. ಮೋಟರ್ ಸುಟ್ಟಷ್ಟೂ ಅವನ ಒಲೆ ಉರಿಯುತ್ತದೆ. ಇಡೀ ತಾಲ್ಲೂಕು ನೆಲದೊಳಕ್ಕೆ ಸಾವಿರ ಅಡಿ ಕೊರೆಯುತ್ತಿರುವಾಗ ಒಬ್ಬನಾದರೂ ಮೇಲಕ್ಕೆ ನೋಡಿದನಲ್ಲ ಎಂದು ನಾನು ಮೊದಮೊದಲು ಸಂತೋಷಪಟ್ಟಿದ್ದೆ. ಪೈಲಟ್ಟು ಎಂದು ಊರವರು ಇಟ್ಟ ಹೆಸರು. ಈವರೆಗೆ ಅವನು ವಿಮಾನ ಹತ್ತಿಲ್ಲ, ಹತ್ತುವ ಟಿಕೆಟ್ಟಿಗೆ ಇಟ್ಟಿದ್ದ ದುಡ್ಡೂ ಪ್ಲೈವುಡ್ಡಿಗೆ ಹೋಯಿತು.

ರೋಗ ಅಂಟಿದ್ದು ಮೊಬೈಲಿನಿಂದ. ರಾತ್ರಿ ಮಕ್ಕಳು ಮಲಗಿದ ಮೇಲೆ (ಮಲಗಿಸಿದವರು ಯಾರು ಎಂದು ಕೇಳಬೇಡಿ) ಅವನು ಅಮೆರಿಕದ ಗ್ಯಾರೇಜುಗಳೊಳಕ್ಕೆ ಹೋಗುತ್ತಾನೆ. ಅಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರ ದೊಡ್ಡ ಸಂಘವೇ ಇದೆ. 1953ರಲ್ಲಿ ವಿಸ್ಕಾನ್ಸಿನ್‌ನ ಪಾಲ್ ಪೊಬೆರೆಜ್ನಿ ಕಟ್ಟಿದ್ದು. ಪ್ರತಿ ಜುಲೈ ಕೊನೆಯಲ್ಲಿ ಆಶ್ಕಾಶ್ ಎಂಬ ಊರಲ್ಲಿ ಅವರೆಲ್ಲ ಸೇರುತ್ತಾರೆ. ನಮ್ಮ ಗುರುಗುಂಡಬ್ರಹ್ಮೇಶ್ವರ ಮಠದ ಜಾತ್ರೆಯಲ್ಲಿ ಹೋರಿ ಕಟ್ಟಿದ ಹಾಗೆ ಅಲ್ಲಿ ಹುಲ್ಲಿನ ಮೇಲೆ ಸಾಲುಸಾಲು ವಿಮಾನ ಕಟ್ಟಿರುತ್ತಾರೆ, ಜನ ಹಲ್ಲು ಹಿಡಿದು ನೋಡುವುದೊಂದು ಬಾಕಿ. ಅರ್ಧಕ್ಕಿಂತ ಹೆಚ್ಚು ಕೆಲಸ ನೀನೇ ಮಾಡಿದ್ದರೆ, ಅದೂ ಕಲಿಯುವ ಖುಷಿಗೆ ಮಾಡಿದ್ದರೆ, ಅಲ್ಲಿನ ಸರ್ಕಾರ ತಪಾಸಣೆ ಮಾಡಿ ‘ಪ್ರಾಯೋಗಿಕ’ ಎಂಬ ಚೀಟಿ ಅಂಟಿಸಿ ಹಾರಲು ಬಿಡುತ್ತದೆ. ಆ ವಿಡಿಯೊಗಳಲ್ಲಿ ಅಪ್ಪ ರೆಕ್ಕೆಗೆ ರಿವೆಟ್ ಹೊಡೆಯುತ್ತಾನೆ, ಮಗ ರಿವೆಟ್ ಎಣಿಸಿ ಕೊಡುತ್ತಾನೆ, ಹೆಂಡತಿ ನಗುನಗುತ್ತ ನಿಂಬೆ ಪಾನಕ ತಂದಿಡುತ್ತಾಳೆ. ನಮ್ಮವನು ರಿವೆಟ್ಟಿನ ಭಾಗವನ್ನು ಒಂದು ಸಲ ನೋಡಿ, ಪಾನಕದ ಭಾಗವನ್ನು ಹಿಂದಕ್ಕೆಳೆದು ಹಿಂದಕ್ಕೆಳೆದು ನೋಡುತ್ತಾನೆ.

ಎಂಜಿನ್ನಿನ ವಿಷಯಕ್ಕೆ ಬಂದಾಗ ಅಂಗಡಿ ಕಟ್ಟೆಯ ಮೇಲೆ ಕೂರಿಸಿಕೊಂಡು ನನಗೆ ಲೆಕ್ಕ ಒಪ್ಪಿಸಿದ.

“ಅಣ್ಣಯ್ಯ, ರೈಟ್ ಬ್ರದರ್ಸ್ ಎಂಜಿನ್ನು ಎಷ್ಟು ಎಚ್‌ಪಿ ಗೊತ್ತಾ? ಹನ್ನೆರಡು. ನಮ್ ಗೌಡ್ರ ತೋಟದ ಬೋರಿಗೆ ಇಳಿಸಿರೋ ಮೋಟ್ರು ಹನ್ನೆರಡೂವರೆ. ಅರ್ಧ ಎಚ್‌ಪಿ ನಾವೇ ಮುಂದಿದ್ದೀವಿ.”

ಒಳಗೆ ಮಗನಿಗೆ ಅನ್ನ ತಿನ್ನಿಸುತ್ತಿದ್ದ ಹೆಂಡತಿ ಅಲ್ಲಿಂದಲೇ ಕೇಳಿದಳು. “ತ್ರೀ ಫೇಸ್ ಕೊಡಾದು ರಾತ್ರಿ ಹನ್ನೊಂದರ ಮ್ಯಾಲೆ. ಆವಾಗ ಹಾರ್ತೀರಾ? ವೈರ್ ಎಷ್ಟುದ್ದ ಬೇಕು?”

ಹತ್ತಿರದ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆ ಜಮೀನಿನಲ್ಲಿ ಸೋಲಾರ್ ಹಲಗೆ ಹಾಸಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕು ಮಾಡಿದ್ದಾರೆ. ಬಿಸಿಲು ನಮ್ಮದು, ಹಗಲು ನಮ್ಮದು. ಕರೆಂಟು ಮಾತ್ರ ಸರಿರಾತ್ರಿಯಲ್ಲಿ ಟಾರ್ಚ್ ಹಿಡಿದುಕೊಂಡು ಹೋಗಿ ಸ್ಟಾರ್ಟರ್ ಒತ್ತಿದವನದು. ಹಾಗಾಗಿ ಆ ಹೆಂಗಸಿನ ಪ್ರಶ್ನೆ ತಮಾಷೆಯದಾಗಿರಲಿಲ್ಲ. ಪೈಲಟ್ಟು ವಿದ್ಯುತ್ ವಿಮಾನವನ್ನು ಆ ಕ್ಷಣವೇ ಕೈಬಿಟ್ಟು ಪೆಟ್ರೋಲಿಗೆ ಬಂದ. ಹಗುರ ವಿಮಾನಗಳಿಗೆಂದೇ ಆಸ್ಟ್ರಿಯಾದವರು ಮಾಡುವ ರೋಟಾಕ್ಸ್ ಎಂಜಿನ್ ಇದೆ, 80 ಎಚ್‌ಪಿಯದು, 100 ಎಚ್‌ಪಿಯದು. ಹೊಸದು ಬೇಕೆಂದರೆ ಹತ್ತು ಲಕ್ಷ ದಾಟುತ್ತದೆ. ಸದ್ಯಕ್ಕೆ ಗುಜರಿಯಿಂದ ತಂದ ಒಂದು ಮಾರುತಿ ಎಂಜಿನ್ನು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಕೂತಿದೆ. “ಹೆಸರೇ ಮಾರುತಿ, ಹಾರದೆ ಎಲ್ಲಿಗೋಯ್ತದೆ” ಎಂಬುದು ಅವನ ಎಂಜಿನಿಯರಿಂಗ್.

ಮನೆಯ ಹಿಂದೆ ಜಿಂಕ್ ಶೀಟಿನ ಶೆಡ್ಡಿದೆ. ಹಿಂದೆ ಅದು ಕಡಲೆಕಾಯಿ ಮೂಟೆ ಒಟ್ಟುವ ಜಾಗ. ಈಗ ಅಲ್ಲಿ ಎಡಗಡೆಯ ರೆಕ್ಕೆ ಇದೆ. ಎಡಗಡೆಯದು ಮಾತ್ರ. ಪ್ಲೈವುಡ್ಡನ್ನು ಮೀನಿನ ಆಕಾರಕ್ಕೆ ಕೊಯ್ದು, ತೂಕ ಇಳಿಸಲು ನಡುನಡುವೆ ಗುಂಡಗೆ ತೂತು ಕೊರೆದು ಮಾಡಿದ ಪಕ್ಕೆಲುಬುಗಳು. ಒಂದೊಂದು ಗೇಣಿಗೆ ಒಂದರಂತೆ ಉದ್ದನೆಯ ಎರಡು ಮರದ ಪಟ್ಟಿಗಳಿಗೆ ಅಂಟಿಸಿಕೊಂಡಿವೆ. ಅಂಟು ಒಣಗುವ ತನಕ ಬಿಗಿ ಹಿಡಿಯಲು ಹಗ್ಗದ ಮೇಲಿನ ಬಟ್ಟೆ ಕ್ಲಿಪ್ಪುಗಳೆಲ್ಲ ಇಲ್ಲಿಗೆ ಬಂದುಬಿಟ್ಟು, ಮಗುವಿನ ಬಟ್ಟೆಗಳು ಅಂಗಳದ ತುಂಬ ಹಾರಾಡಿದ್ದವು. ಆ ಮನೆಯಲ್ಲಿ ಈವರೆಗೆ ಹಾರಿರುವುದು ಅಷ್ಟೇ. ಮೂರನೇ ಪಕ್ಕೆಲುಬಿನ ತೂತಿನಲ್ಲಿ ಮಗಳ ಒಂದು ಚಪ್ಪಲಿ ಸಿಕ್ಕಿಕೊಂಡಿದೆ, ಅದರಾಚೆ ಕಾವಿಗೆ ಕೂತ ಕೋಳಿ, ತುದಿಗೆ ಹುಣಸೆಹಣ್ಣಿನ ಚೀಲ. ರೆಕ್ಕೆ ಎಷ್ಟು ಭಾರ ತಡೆಯುತ್ತದೆ ಎಂದು ನೋಡಲು ವಿಮಾನ ಕಟ್ಟುವವರು ಮರಳಿನ ಚೀಲ ಹೇರಿ ಪರೀಕ್ಷೆ ಮಾಡುತ್ತಾರಂತೆ. ಇಲ್ಲಿ ಆ ಪರೀಕ್ಷೆಯನ್ನು ಮನೆಯಾಕೆ ವಹಿಸಿಕೊಂಡಿದ್ದಾಳೆ, ದಿನಕ್ಕೊಂದಿಷ್ಟು ಹೇರುತ್ತಾಳೆ.

“ನನ್ ಸರ ಎಲ್ಲಿ ಅಂತ ಕೇಳಬ್ಯಾಡಣ್ಣ,” ಎಂದಳು ನನಗೆ. “ನೀನೀಗ ಕೈ ಇಟ್ಕಂಡು ನಿಂತಿದ್ದೀಯಲ್ಲ, ಅದೇಯ.”

ದುಡ್ಡಿನ ಲೆಕ್ಕ ಬಿಡೋಣ. ಚಿನ್ನ ಅಡ ಇಟ್ಟು ಬೋರ್ ಕೊರೆಸಿ ಬರಿ ದೂಳು ನೋಡಿದ ಗಂಡಸರು ಊರಿನ ತುಂಬ ಇದ್ದಾರೆ, ಅವರನ್ನು ಯಾರೂ ಕನಸುಗಾರ ಎಂದು ಗೇಲಿ ಮಾಡುವುದಿಲ್ಲ. ನನಗೆ ಕಾಣುವುದು ಗಂಟೆಯ ಲೆಕ್ಕ. ಭಾಗಗಳೆಲ್ಲ ಸಿದ್ಧವಾಗಿ ಪೆಟ್ಟಿಗೆಯಲ್ಲಿ ಬರುವ ಕಿಟ್ ತರಿಸಿಕೊಂಡರೂ ಎರಡು ಸೀಟಿನ ಸಣ್ಣ ವಿಮಾನ ಜೋಡಿಸಲು 1,500ರಿಂದ 2,000 ಗಂಟೆ ಬೇಕೆಂದು ತಿಳಿದವರು ಹೇಳುತ್ತಾರೆ. ದಿನಕ್ಕೆ ಎರಡು ಗಂಟೆಯಂತೆ, ಹಬ್ಬ, ಹುಣ್ಣಿಮೆ, ಸೂತಕ ಯಾವುದನ್ನೂ ಲೆಕ್ಕಿಸದೆ ಕೂತರೂ ಎರಡರಿಂದ ಮೂರು ವರ್ಷ. ಪೈಲಟ್ಟು ಆರಿಸಿಕೊಂಡಿರುವ ಎರಡು ಗಂಟೆ ಸಂಜೆ ಆರರಿಂದ ಎಂಟು. ಹಸು ಕರೆಯುವುದು ಆಗಲೇ, ಡೈರಿಗೆ ಕ್ಯಾನು ಹೊರುವುದು ಆಗಲೇ. ಮಗಳಿಗೆ ಏಳರ ಮಗ್ಗಿ, ಮಗನಿಗೆ ಬಿಸಿನೀರು, ಮುದ್ದೆಗೆ ಎಸರು ಎಲ್ಲವೂ ಆಗಲೇ. ಹವ್ಯಾಸದ ಬಗ್ಗೆ ಬರೆದುಕೊಂಡ ಗಂಡಸರೆಲ್ಲರೂ ‘ಬಿಡುವಿನ ವೇಳೆಯಲ್ಲಿ’ ಎಂದೇ ಶುರುಮಾಡುತ್ತಾರೆ. ಆ ಬಿಡುವನ್ನು ಸರಬರಾಜು ಮಾಡಿದ ಗುತ್ತಿಗೆದಾರರ ಹೆಸರು ಮಾತ್ರ ಯಾವ ವಿಡಿಯೊದ ಕೊನೆಯಲ್ಲೂ ಬರುವುದಿಲ್ಲ.

ಊರು ಸುಮ್ಮನಿರುತ್ತದೆಯೇ? ಎಂಜಿನ್ ಯಾಕೆ ದಂಡ, ಮಧುಗಿರಿ ಬೆಟ್ಟದ ನೆತ್ತಿಗೆ ಹೊತ್ತುಕೊಂಡು ಹೋಗಿ ತಳ್ಳಿಬಿಡು, ಏಕಶಿಲೆ, ನಡುವೆ ಎಲ್ಲೂ ತಡೆಯೋದಿಲ್ಲ ಎಂದು ಒಬ್ಬರು. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಸಿದ್ಧರು ಬರೀ ಬೇರು ಅರೆದು ಕುಡಿದು ಹಾರುತ್ತಿದ್ದರಂತೆ, ಪ್ಲೈವುಡ್ಡಿಗಿಂತ ಬೇರು ಅಗ್ಗ ಎಂದು ಇನ್ನೊಬ್ಬರು. ಪಾವಗಡದ ಶನಿದೇವರಿಗೆ ಎಳ್ಳೆಣ್ಣೆ ಹಾಕಿಸದೆ ಕಬ್ಬಿಣದ ಕೆಲಸಕ್ಕೆ ಕೈಹಾಕಿದ್ದೇ ತಪ್ಪು ಎಂದು ಮೂರನೆಯವರು. ಇವರನ್ನೆಲ್ಲ ಸಹಿಸಬಹುದು. ಅರಳಿಕಟ್ಟೆಯ ಮೇಲೆ ಕೂತು, ಪೇಪರಿನಿಂದ ಕಣ್ಣೆತ್ತದೆ, “ಇದೆಲ್ಲ ನಮ್ಮವರು ಯಾವತ್ತೋ ಮಾಡಿ ಬಿಟ್ಟದ್ದು” ಎನ್ನುವ ಹಿರಿಯರನ್ನು ಸಹಿಸುವುದು ಕಷ್ಟ.

ಅವರ ಆಧಾರ ‘ವೈಮಾನಿಕ ಶಾಸ್ತ್ರ’. ಅದೂ ಒಂದು ಲೆಕ್ಕದಲ್ಲಿ ನಮ್ಮ ಕಡೆಯ ಮನೆ ತಯಾರಿಕೆಯೇ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಗಳದೆಂದು ಹೇಳಿ ಕಳೆದ ಶತಮಾನದ ಎರಡನೇ ದಶಕದಿಂದ 1923ರವರೆಗೆ ಶ್ಲೋಕ ಹೇಳಿ ಬರೆಸಿದರು, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ನಕ್ಷೆಗಾರರು ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳಿಗೆ ಚಿತ್ರ ಬಿಡಿಸಿಕೊಟ್ಟರು, ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐದು ಮಂದಿ, ಎಚ್.ಎಸ್. ಮುಕುಂದ ಮತ್ತು ಸಂಗಡಿಗರು, ಪುಸ್ತಕವನ್ನು ಶ್ರದ್ಧೆಯಿಂದ ಓದಿ, ಕೊಟ್ಟ ಅಳತೆ ತೂಕಗಳಿಗೆ ಲೆಕ್ಕ ಹಾಕಿ, ಇದು ಇಪ್ಪತ್ತನೇ ಶತಮಾನದ್ದೇ ಬರವಣಿಗೆ, ಇದರಲ್ಲಿರುವ ಯಾವುದೂ ಹಾರುವುದಿಲ್ಲ ಎಂದು ಬರೆದರು. ಪಾಪ, ಅವರು ಒಂದನ್ನು ತಿಳಿದಿರಲಿಲ್ಲ. ಹಾರುವುದಿಲ್ಲ ಎಂಬುದೇ ಆ ವಿಮಾನಗಳ ಬಲ. ಹಾರದ ವಿಮಾನ ಬೀಳುವುದೂ ಇಲ್ಲ. ಅದಕ್ಕೆ ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ಹೆಂಡತಿಯ ಸರ ಬೇಡ. 2015ರ ಜನವರಿಯಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನಗಳಿಗೆ ವೇದಿಕೆ, ಮೈಕು, ಸಭಿಕರು ಎಲ್ಲ ದೊರೆಯಿತು.

ಅದೇ ಮುಂಬೈಯಲ್ಲಿ, ಆ ಹೊತ್ತಿಗೆ, ಕಾಂದಿವಲಿಯ ಚಾರ್ಕೋಪ್‌ನ ಒಂದು ಕಟ್ಟಡದ ತಾರಸಿಯ ಮೇಲೆ ಅಮೋಲ್ ಯಾದವ್ ಎಂಬ ಪೈಲಟ್ಟು, ಇವರು ನಿಜವಾದ ಪೈಲಟ್ಟು, ಆರು ಸೀಟಿನ ವಿಮಾನ ಕಟ್ಟುತ್ತಿದ್ದರು. ಅದನ್ನು ಬಿಚ್ಚಿ, ಕ್ರೇನಿನಲ್ಲಿ ಇಳಿಸಿ, 2016ರ ಫೆಬ್ರುವರಿಯಲ್ಲಿ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ನಿಲ್ಲಿಸಿದರು. ಮಂತ್ರಿಗಳು ಫೋಟೊ ತೆಗೆಸಿಕೊಂಡರು. ನೋಂದಣಿ ಸಿಕ್ಕಿದ್ದು 2017ರ ನವೆಂಬರಿನಲ್ಲಿ. ಹಾರಿಸಿ ನೋಡಲು ಪರವಾನಗಿ ಸಿಕ್ಕಿದ್ದು 2019ರ ಅಕ್ಟೋಬರಿನಲ್ಲಿ. ನಡುವೆ ನೋಂದಣಿಯ ಅಕ್ಷರಗಳನ್ನು ವಿಟಿ-ಎನ್‌ಎಂಡಿ ಎಂದು ಪಡೆದುಕೊಂಡಿದ್ದರು. ಎನ್‌ಎಂ ಎಂದರೆ ದೇಶದ ಪ್ರಧಾನಿ, ಡಿ ಎಂದರೆ ಆಗಿನ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ. ವಿಮಾನಕ್ಕೆ ಎಂಜಿನ್ ಮುಂದಿರಬೇಕೋ ಹಿಂದಿರಬೇಕೋ ಎಂಬ ಚರ್ಚೆ ಲೋಕದಲ್ಲಿ ಇನ್ನೂ ಮುಗಿದಿಲ್ಲ. ನಮ್ಮ ದೇಶದಲ್ಲಿ ಎಳೆಯುವ ಶಕ್ತಿ ಎಲ್ಲಿರಬೇಕೆಂದು ಅವರು ಸರಿಯಾಗಿಯೇ ಗ್ರಹಿಸಿದ್ದರು.

ಬೆಂಗಳೂರಿನದು ಇನ್ನೂ ಸೊಗಸು. ಅಲ್ಲಿನ ರಾಜ್‌ಹಂಸ ಎಂಬ ಕಂಪನಿ ಎಕ್ಸ್-ಏರ್ ಎಂಬ ಹಗುರ ವಿಮಾನದ ಕಿಟ್‌ಗಳನ್ನು ಮಾಡಿ ಹೊರದೇಶಕ್ಕೆ ಕಳಿಸಿತು. ಫ್ರಾನ್ಸಿನ, ಇಂಗ್ಲೆಂಡಿನ ಗುಮಾಸ್ತರು, ಮೇಷ್ಟ್ರುಗಳು ನಮ್ಮ ಕಾರ್ಮಿಕರು ಕೊಯ್ದು ಹೊಲಿದ ರೆಕ್ಕೆಗಳನ್ನು ಶನಿವಾರ ಭಾನುವಾರ ಜೋಡಿಸಿಕೊಂಡು ಹಾರಿದರು. ಅದರಲ್ಲೇ ಒಂದು ಮಾದರಿಗೆ ಇಲ್ಲಿ ಹನುಮಾನ್ ಎಂದು ಹೆಸರು. ಸಮುದ್ರ ದಾಟಿದ್ದೇ ಹಾಕ್, ಅಂದರೆ ಗಿಡುಗ ಆಯಿತು. ಇನ್ನು ಅಮೆರಿಕದ ಬರ್ಟ್ ರುಟಾನ್ ಎಂಬಾತ ಮನೆಯಲ್ಲಿ ಕಟ್ಟಿಕೊಳ್ಳುವವರಿಗೆಂದೇ ಮಾರುತ್ತಿದ್ದ ಲಾಂಗ್-ಈಜೀ ವಿಮಾನದ ನಕ್ಷೆ. 1980ರ ದಶಕದಲ್ಲಿ ಅದನ್ನು ನಮ್ಮಲ್ಲಿ ಕಟ್ಟಿದ್ದು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ. ಅಲ್ಲಿ ಒಬ್ಬ ಗಂಡ ತನ್ನ ಗ್ಯಾರೇಜಿನಲ್ಲಿ ಮಾಡಿದ್ದನ್ನು ಇಲ್ಲಿ ಒಂದು ಸರ್ಕಾರ ಮಾಡಿತು. ಸುಮ್ಮನೆ ನಗುವ ವಿಷಯವೂ ಅಲ್ಲ. ಫೈಬರ್ ಗಾಜಿನಲ್ಲಿ ವಿಮಾನ ಕಟ್ಟುವ ಕೈ ಅಲ್ಲಿ ಪಳಗಿತು, 1993ರ ನವೆಂಬರಿನಲ್ಲಿ ಎರಡು ಸೀಟಿನ ‘ಹಂಸ’ ಹಾರಿತು. ವಿಜ್ಞಾನಿಗಳಿಗೆ ಸಂಬಳ ಬರುತ್ತಿತ್ತು, ಕ್ಯಾಂಟೀನ್ ಇತ್ತು. ಸಂಜೆ ಆರಕ್ಕೆ ಅವರೂ ಮನೆಗೆ ಹೋಗುತ್ತಿದ್ದರು ಎಂದುಕೊಳ್ಳುತ್ತೇನೆ.

ಹಾಗೆಂದು ಕಾನೂನನ್ನೇ ಬೈದು ಕೂರುವ ಜಾತಿಯವನು ನಾನಲ್ಲ. 1934ರ ವಿಮಾನ ಕಾಯ್ದೆ ಹೋಗಿ 2025ರ ಜನವರಿ 1ರಿಂದ ‘ಭಾರತೀಯ ವಾಯುಯಾನ ಅಧಿನಿಯಮ’ ಬಂದಿದೆ. ಅದನ್ನು ಪೈಲಟ್ಟಿಗೆ ಓದಿ ಹೇಳಿದಾಗ ಹೆಸರು ಚೆನ್ನಾಗಿದೆ ಎಂದ. ಆ ಹಳೇ ಕಾಯ್ದೆ ಬಂದ 1934ರಲ್ಲೇ ಫ್ರಾನ್ಸಿನ ಹೆನ್ರಿ ಮಿನ್ಯೆ ಎಂಬುವನು ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡೆಯಲು ಬಂದರೆ ಸಾಕು, ವಿಮಾನವನ್ನೂ ಕಟ್ಟಬಹುದು ಎಂಬ ಧಾಟಿಯಲ್ಲಿ ಪುಸ್ತಕ ಬರೆದ. ಅವನ ಪುಟ್ಟ ವಿಮಾನದ ಹೆಸರು ‘ಆಕಾಶದ ಹೇನು’. ಯುರೋಪಿನ ತುಂಬ ಬಡಗಿಗಳು, ಮೆಕ್ಯಾನಿಕ್ಕುಗಳು ಹೇನು ಕಟ್ಟತೊಡಗಿದರು. ಮೂಗು ಒಮ್ಮೆ ಕೆಳಗಾದರೆ ಎಷ್ಟು ಎಳೆದರೂ ಮೇಲೇಳದ ದೋಷ ಅದರಲ್ಲಿತ್ತು. ಮುಂದಿನ, ಹಿಂದಿನ ಎರಡು ರೆಕ್ಕೆಗಳ ನಡುವಿನ ಗಾಳಿಯ ಆಟ ಅದು. ಕೆಲವರು ಸತ್ತ ಮೇಲೆ ಗಾಳಿಸುರಂಗದಲ್ಲಿಟ್ಟು ನೋಡಿ ಪತ್ತೆಹಚ್ಚಿದರು, ಪರವಾನಗಿ ನಿಲ್ಲಿಸಿದರು. ಕೇಳುವವರು ಇರಬೇಕು. ನನ್ನ ತಕರಾರು, ಕೇಳುವ ಕಚೇರಿ ದೆಹಲಿಯಲ್ಲಿದೆ ಎಂದು ಪೈಲಟ್ಟು ತಿಳಿದಿದ್ದಾನಲ್ಲ, ಅದು. ಕಚೇರಿ ಅವನ ಅಡುಗೆಮನೆಯಲ್ಲೇ ಇದೆ.

ಆ ಕಚೇರಿಯ ಪ್ರಶ್ನಾವಳಿಯನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇಳಿಸಾದು ಎಲ್ಲಿ? ನಮ್ ಹೊಲ್ದಲ್ಲಿ ಕಡಲೆಕಾಯಿ ಇದ್ರೆ? ಬಿದ್ರೆ ಇನ್ಸೂರೆನ್ಸ್ ಯಾರ ಹೆಸರಿಗೆ? ಎರಡೇ ಸೀಟು ಅಂತೀರಿ, ನಾವು ನಾಕು ಜನ ಇದ್ದೀವಿ, ಯಾರ್ನ ಬಿಟ್ಟೋಗ್ತೀರಿ? ಈ ಕೊನೆಯ ಪ್ರಶ್ನೆಗೆ ಪೈಲಟ್ಟು, ಹಾರುವ ಉತ್ಸಾಹದಲ್ಲಿ, “ಮೊದ್ಲು ನಾನೊಬ್ನೇ ಹೋಗಿ ನೋಡ್ಕಂಡ್ ಬತ್ತೀನಿ” ಎಂದುಬಿಟ್ಟ. ಮನೆಯಲ್ಲಿ ವಿಮಾನ ಕಟ್ಟುವ ಗಂಡಸರ ಮನಸ್ಸನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಯಾರೂ ಹೇಳಿರಲಾರರು. ಅವಳು ಸೌಟು ಕೆಳಗಿಟ್ಟಳು.

“ಕಗ್ಗಲಡಿಗೆ ಕೊಕ್ಕರೆ ಬತ್ತಾವಲ್ಲ, ನೋಡಿದ್ದೀರಾ? ಅವೂ ಹಾರ್ತಾವೆ. ಹಾರಿ ಹೋಗಿ ಸಂಜಿಕೆ ಮೀನು ತತ್ತಾವೆ. ಗಂಡೂ ಕಾವಿಗೆ ಕೂರ್ತೈತೆ.”

ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ವರ್ಷ ವರ್ಷ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಜನ ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಪಕ್ಷಿಶಾಸ್ತ್ರದವರೂ ಇದನ್ನೇ ಹೇಳುತ್ತಾರೆ: ಆ ಜಾತಿಯಲ್ಲಿ ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ, ಸರದಿಯ ಮೇಲೆ ಮರಿಗೆ ಉಣಿಸುತ್ತವೆ. ಪೈಲಟ್ಟು ರೆಕ್ಕೆಯ ಆಕಾರವನ್ನು ಕೊಕ್ಕರೆ ನೋಡಿ ಕಲಿತೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವನು ಅವತ್ತಿನಿಂದ ಆ ಮಾತು ನಿಲ್ಲಿಸಿದ್ದಾನೆ.

ಸಂಸಾರ ಕಟ್ಟಿಕೊಂಡು ವಿಮಾನವನ್ನೂ ಕಟ್ಟಿದವರು ಇಲ್ಲವೆಂದಲ್ಲ. ಕೇರಳ ಮೂಲದ ಎಂಜಿನಿಯರ್ ಒಬ್ಬರು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿದ್ದುಕೊಂಡು, ಕೊರೊನಾ ಲಾಕ್‌ಡೌನಿನ ಕಾಲದಲ್ಲಿ, ದಕ್ಷಿಣ ಆಫ್ರಿಕಾದಿಂದ ಕಿಟ್ ತರಿಸಿ ನಾಲ್ಕು ಸೀಟಿನ ವಿಮಾನ ಜೋಡಿಸಿದರು. 2022ರಲ್ಲಿ ಹಾರಿತು, ಹೆಂಡತಿ ಮತ್ತು ಇಬ್ಬರು ಚಿಕ್ಕ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ತಿರುಗಿದರು, ಕಿರಿಯವಳ ಹೆಸರನ್ನೇ ವಿಮಾನಕ್ಕೂ ಇಟ್ಟರು. ಪತ್ರಿಕೆಗಳೆಲ್ಲ ಖರ್ಚನ್ನೇ ಎತ್ತಿ ಬರೆದವು, ಸುಮಾರು 1,40,000 ಪೌಂಡು, ಕೋಟಿಯ ಮೇಲಿನ ಮಾತು. ಪೈಲಟ್ಟು ಆ ಸುದ್ದಿಯ ಕತ್ತರಿಕೆಯನ್ನು ಅಂಗಡಿಯ ಪ್ಯಾನಲ್ ಬೋರ್ಡಿನ ಪಕ್ಕ ಅಂಟಿಸಿದ್ದ. ಒಂದು ದಿನ ನೋಡಿದರೆ ಅದರಲ್ಲಿ ‘ನಾಲ್ಕು ಸೀಟಿನ’ ಎಂಬ ಪದಗಳ ಕೆಳಗೆ ಯಾರೋ ಕಾಡಿಗೆಯಲ್ಲಿ ಗೆರೆ ಎಳೆದಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ, ಹೀಗೆ ಮನೆಯವರನ್ನು ನೆಲದಲ್ಲಿ ಬಿಟ್ಟು ತಾನೊಬ್ಬನೇ ಮೇಲೇರುವ ಕಾಯಿಲೆ ರಿವೈಂಡಿಂಗ್ ಅಂಗಡಿಯವನಿಗೆ ಮಾತ್ರ ಬಂದದ್ದಲ್ಲ. ಇಡೀ ತಾಲ್ಲೂಕೇ ಈಗ ಆಕಾಶ ನೋಡುತ್ತಿದೆ. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕೆಂದಾಗ ಶಿರಾಕ್ಕೇ ಕೊಡಿ ಎಂದು ನಮ್ಮ ಶಾಸಕ ಟಿ.ಬಿ. ಜಯಚಂದ್ರ ಅವರು ಪಟ್ಟು ಹಿಡಿದರು. ದೇವನಹಳ್ಳಿಯದು 2008ರ ಮೇ 24ಕ್ಕೆ ಶುರುವಾದಂದಿನಿಂದ 150 ಕಿಲೋಮೀಟರ್ ಒಳಗೆ 25 ವರ್ಷ, ಅಂದರೆ 2033ರವರೆಗೆ, ಹೊಸ ನಿಲ್ದಾಣ ಬೇಡ ಎಂಬ ಒಪ್ಪಂದ ಆಗಿದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ಬಂದು ನೋಡಿದ್ದು ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗ. ಅಷ್ಟರಲ್ಲಿ ನಮ್ಮಲ್ಲಿ ಬರಗಾಲದ ಹೊಲಗಳಿಗೂ ಚದರಡಿಯ ರೇಟು ಬಂದು ಹೋಗಿತ್ತು. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ, 615 ಎಕರೆಯದು, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಮೇಲಂತೂ ನಮಗೆ ಕಾಲು ನೆಲಕ್ಕೆ ತಾಕುತ್ತಿಲ್ಲ. ರೈಲು? ತುಮಕೂರು–ದಾವಣಗೆರೆ ಮಾರ್ಗ ಶಿರಾ ಮೇಲೆ ಬರುತ್ತದೆ, ಬರುತ್ತಲೇ ಇದೆ.

ಪೈಲಟ್ಟು ರನ್‌ವೇಗೆಂದು ಕೆರೆಯಂಗಳ ನೋಡಿಕೊಂಡಿದ್ದ. ಗಟ್ಟಿ ನೆಲ, ಮರವಿಲ್ಲ, ಕಂಬವಿಲ್ಲ. ಆದರೆ ನಮ್ಮ ಕಡೆ ಕೆರೆಯನ್ನೂ ನಂಬುವ ಹಾಗಿಲ್ಲ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆ ತುಂಬಿಸುತ್ತೇವೆ ಎಂಬುದೇ ದೊಡ್ಡ ಭರವಸೆ. ಹೇಮಾವತಿ ನೀರು ಸ್ವಲ್ಪ ಬಂತು, ಅದನ್ನು ಹರಿಸಿದವರು ಯಾರು ಎಂಬ ಜಗಳ ನೀರಿಗಿಂತ ಜಾಸ್ತಿ ಹರಿಯಿತು. ಚುನಾವಣೆ ಬಂದರೆ ಕೆರೆ, ಚುನಾವಣೆ ಹೋದರೆ ರನ್‌ವೇ. ಆ ಲೆಕ್ಕದಲ್ಲಿ ಅವನ ವಿಮಾನಕ್ಕೆ ಚಕ್ರ ಹಾಕಬೇಕೋ ದೋಣಿ ಕಟ್ಟಬೇಕೋ ಎಂಬುದನ್ನು ಚುನಾವಣಾ ಆಯೋಗವೇ ತೀರ್ಮಾನಿಸಬೇಕು.

ಹೀಗಿರುವಾಗ ರಾಜ್ಯೋತ್ಸವ ಬಂತು. ಮೆರವಣಿಗೆಗೆ ಒಂದು ಸ್ತಬ್ಧಚಿತ್ರ ಬೇಕೆಂದು ಯುವಕರ ಗುಂಪು ಪೈಲಟ್ಟಿನ ಶೆಡ್ಡಿಗೆ ನುಗ್ಗಿತು. ಎಡ ರೆಕ್ಕೆಯನ್ನು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಏರಿಸಿ, ಬಲ ರೆಕ್ಕೆಯನ್ನು ಥರ್ಮಾಕೋಲಿನಲ್ಲಿ ಮಾಡಿ, ಮೂಗಿಗೆ ಕಳಸ ಇಟ್ಟು, ಸುತ್ತ ಬಾಳೆಕಂದು ಕಟ್ಟಿದರು. ‘ಪುಷ್ಪಕ ವಿಮಾನ’ ಎಂದು ಫ್ಲೆಕ್ಸು. ಪೈಲಟ್ಟಿನ ಮಗಳೇ ಸೀತೆ. ಬಾಲ ಕಟ್ಟಿಸಿಕೊಂಡ ಮಗ ಟ್ರ್ಯಾಕ್ಟರ್ ಶುರುವಾದದ್ದೇ ಅಳಲು ತೊಡಗಿ ಅಮ್ಮನ ಸೊಂಟಕ್ಕೇರಿದ; ಅವಳು ಇಡೀ ಮೆರವಣಿಗೆ ಹನುಮಂತನನ್ನು ಎತ್ತಿಕೊಂಡು ಟ್ರೇಲರಿನ ಪಕ್ಕ ನಡೆದಳು. ವೇದಿಕೆಯಲ್ಲಿ ಪೈಲಟ್ಟಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣಕಾರರು ಭರದ್ವಾಜರಿಂದ ಶುರುಮಾಡಿ, ನಡುವೆ ಎಲ್ಲೂ ಇಳಿಯದೆ, ಶಿರಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದವರೆಗೆ ಹೋಗಿ ಚಪ್ಪಾಳೆಯ ನಡುವೆ ಕೂತರು. ಎಂಜಿನ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಗೌರವಕ್ಕೆ ಚ್ಯುತಿ ಬರುತ್ತಿತ್ತು.

ಜನ ಚದುರಿದ ಮೇಲೆ ಟ್ರ್ಯಾಕ್ಟರಿನವನು ಬಾಡಿಗೆ ಕೇಳಿದ. ಯುವಕರು ಪಂಚಾಯ್ತಿ ಮೆಂಬರನ್ನು ತೋರಿಸಿದರು, ಮೆಂಬರು ಮುಂದಿನ ಸಭೆಯಲ್ಲಿ ಇಡೋಣ ಎಂದರು, ಪೈಲಟ್ಟು ಪೇಟ ಸರಿಮಾಡಿಕೊಂಡು ಹೆಂಡತಿಯ ಕಡೆ ನೋಡಿದ.

“ಸಭೆ ಆಗೋಗಂಟ ರೆಕ್ಕೆ ಪಂಚಾಯ್ತಿ ಆಫೀಸಲ್ಲೇ ಇರ್ಲಿ,” ಎಂದಳು ಆಕೆ, ಮಗನನ್ನು ಇನ್ನೊಂದು ಸೊಂಟಕ್ಕೆ ಬದಲಿಸುತ್ತ. “ನಾಳೀಕೆ ಕಡಲೆಕಾಯಿ ಮೂಟೆ ಬತ್ತಾವೆ. ಶೆಡ್ಡು ಖಾಲಿ ಬೇಕು.”